ದೊಡ್ಡಮ್ಮನಿಗೆ ಇದ್ದದ್ದು ಗ್ಯಾಸ್ಟ್ರಿಕ್ ಅಲ್ಲ

ನಮ್ಮ ಕಡೆ ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಮೂಡಿಗೆರೆಯಲ್ಲಿ ಸಂತೆಗೆ ಹೋದವರು ತರಕಾರಿ ಜೊತೆ ಒಂದು ಪಟ್ಟಿ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ತಗೊಂಡೇ ಬಸ್ ಹತ್ತುತ್ತಾರೆ. ಈ ಒಂದು ಪದದ ಕೆಳಗೆ ನಮ್ಮ ದೊಡ್ಡಮ್ಮನ ಕಾಯಿಲೆ ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದೊಡ್ಡಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ, 'ಬರಿ, ಇನ್ನೊಬ್ಬರಿಗಾದ್ರೂ ಗೊತ್ತಾಗ್ಲಿ' ಅಂದಿದ್ದಾರೆ.

ಶುರುವಾದದ್ದು ಅಕ್ಕಿ ರೊಟ್ಟಿಯಿಂದ. ಒಂದು ಮಳೆಗಾಲದ ಬೆಳಗ್ಗೆ ರೊಟ್ಟಿ ತುಂಡು ಎದೆಯಲ್ಲೇ ನಿಂತ ಹಾಗಾಯಿತು ಅಂದರು. ನೀರು ಕುಡಿದರು. ಅದೂ ನಿಂತಿತು. ಎದ್ದು ನಿಂತು, ಅಡುಗೆಮನೆಯಲ್ಲೇ ಎರಡು ಹೆಜ್ಜೆ ಓಡಾಡಿ, ಕುತ್ತಿಗೆ ಹಿಂದಕ್ಕೆ ಚಾಚಿದ ಮೇಲೆ ಜರ್ರನೆ ಇಳಿಯಿತು. ಅವತ್ತು ಎಲ್ಲರೂ ನಕ್ಕೆವು, ಗಡಿಬಿಡಿಯಲ್ಲಿ ತಿಂದಿದ್ದಕ್ಕೆ ಹಾಗಾಯಿತು ಅಂತ. ಆಮೇಲೆ ವಾರಕ್ಕೊಂದು ಸಲ ಆಯಿತು, ಆಮೇಲೆ ದಿನಾ. ಕಡುಬು ಬಿಟ್ಟರು. ರೊಟ್ಟಿ ಬಿಟ್ಟರು. ಅನ್ನವನ್ನು ಗಂಜಿ ಥರ ಕಿವುಚಿಕೊಂಡು, ಒಂದೊಂದು ತುತ್ತಿಗೂ ಒಂದು ಲೋಟ ನೀರು ಕುಡಿಯುತ್ತಾ, ನಾವೆಲ್ಲ ಕೈ ತೊಳೆದು ಎದ್ದು ಹೋದ ಮೇಲೂ ಅರ್ಧ ಗಂಟೆ ತಟ್ಟೆ ಮುಂದೆ ಕೂತಿರುತ್ತಿದ್ದರು. ಎಷ್ಟೋ ಸಲ ಎದ್ದು ಹಿತ್ತಲಿಗೆ ಹೋಗಿ ತಿಂದದ್ದೆಲ್ಲ ಕಕ್ಕಿ ಬರುತ್ತಿದ್ದರು.

ನಮಗೆ ಅರ್ಥವಾಗದೆ ಹೋದದ್ದು ಇನ್ನೊಂದಿದೆ. ದೊಡ್ಡಮ್ಮ ಮದುವೆಗಳಿಗೆ ಹೋಗಿ ಧಾರೆ ಮುಗಿದ ಕೂಡಲೇ ಊಟಕ್ಕೆ ಕೂರದೆ ವಾಪಸ್ ಬರತೊಡಗಿದರು. 'ಹಾಲು ಕರೀಬೇಕು, ಹಸು ಕಾಯ್ತಿರುತ್ತೆ' ಅನ್ನೋರು. ಹಾಲು ಕರೆಯೋಕೆ ಮನೆಯಲ್ಲಿ ಅತ್ತಿಗೆ ಇದ್ದರು. ಪಂಕ್ತಿಯಲ್ಲಿ ಎಲ್ಲರ ಎದುರು ಅನ್ನ ವಾಪಸ್ ಬಂದರೆ ಅನ್ನೋ ಭಯಕ್ಕೆ ಅವರು ಹಾಗೆ ಮಾಡುತ್ತಿದ್ದರು ಅಂತ ನನಗೆ ಗೊತ್ತಾದದ್ದು ಚಿಕಿತ್ಸೆ ಎಲ್ಲ ಮುಗಿದ ಮೇಲೆ. ಮೂರು ವರ್ಷ ಒಂದು ಮದುವೆ ಊಟವನ್ನೂ ಮಾಡಿರಲಿಲ್ಲ.

ತೋರಿಸಲಿಲ್ಲ ಅಂತಲ್ಲ. ತುಂಬಾ ಕಡೆ ತೋರಿಸಿದೆವು. ಮೊದಲನೆಯವರು ಗ್ಯಾಸ್ಟ್ರಿಕ್ ಅಂದು ಮಾತ್ರೆ, ಜೊತೆಗೆ ಒಂದು ಗುಲಾಬಿ ಬಣ್ಣದ ಸಿರಪ್ ಕೊಟ್ಟರು. ರಾತ್ರಿ ಮಲಗಿದರೆ ಕೆಮ್ಮು ಬರುತ್ತಿತ್ತು, ದಿಂಬು ಒದ್ದೆಯಾಗುತ್ತಿತ್ತು. ಅದಕ್ಕೆ ಇನ್ನೊಬ್ಬರು ಕಫ ಪರೀಕ್ಷೆ ಮಾಡಿಸಿದರು, ಟಿಬಿ ಇಲ್ಲ ಅಂತ ಬಂತು, ಎಳೆದುಕೊಳ್ಳುವ ಪಂಪ್ ಬರೆದುಕೊಟ್ಟರು. ಮತ್ತೊಂದು ಕಡೆ ಬಾಯಿಂದ ಕ್ಯಾಮೆರಾ ಇರುವ ನಳಿಗೆ (ಸ್ಕೋಪ್) ಇಳಿಸಿ ನೋಡುವ ಎಂಡೋಸ್ಕೋಪಿಯನ್ನೂ ಮಾಡಿದರು. 'ಒಳಗೆಲ್ಲ ಸರಿಯಾಗಿದೆ, ಸ್ವಲ್ಪ ಕೆಂಪಗಿದೆ ಅಷ್ಟೇ, ಮನಸ್ಸಿಗೆ ಜಾಸ್ತಿ ಹಚ್ಚಿಕೊಂಡಿದ್ದಾರೆ' ಅಂದು ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಆ ಮಾತು ದೊಡ್ಡಮ್ಮನನ್ನು ಕಾಯಿಲೆಗಿಂತ ಜಾಸ್ತಿ ನೋಯಿಸಿತು. ಮನೆಗೆ ಬಂದವರು ದೃಷ್ಟಿ ತೆಗೆಸಿ ಅಂದರು, ಹರಕೆ ಹೊತ್ತುಕೊಳ್ಳಿ ಅಂದರು. ಅವೂ ಆದವು.

ಆ ವರ್ಷ ಅರೇಬಿಕಾ ಕೊಯ್ಲಿನ ಒಂದು ಸಂಜೆ, ಆಳುಗಳು ಹಣ್ಣು ತೂಕ ಹಾಕಿಸಿ ಹೋದ ಮೇಲೆ, ಸುಮ್ನೆ ಆ ತೂಕದ ಮಷೀನ್ ಮೇಲೆ ದೊಡ್ಡಮ್ಮನನ್ನು ನಿಲ್ಲಿಸಿದೆ. 41 ಕೆ.ಜಿ. ಪಕ್ಕದಲ್ಲಿ ಒರಗಿಸಿಟ್ಟಿದ್ದ ಕಾಫಿ ಮೂಟೆಯೇ 50 ಇತ್ತು. ಮರುವಾರ ಚಾರ್ಮಾಡಿ ಇಳಿದು, ಉಜಿರೆ ದಾಟಿ ಮಂಗಳೂರಿಗೆ ಕರೆದುಕೊಂಡು ಹೋದೆವು.

ಅಲ್ಲಿನ ಗ್ಯಾಸ್ಟ್ರೋ ಡಾಕ್ಟರ್, ಅಂದರೆ ಹೊಟ್ಟೆ ಕರುಳಿನ ತಜ್ಞರು, ಹಳೇ ಫೈಲನ್ನು ಪಕ್ಕಕ್ಕಿಟ್ಟು ದೊಡ್ಡಮ್ಮನ ಜೊತೆ ಮಾತಾಡಿದರು. ಮೊದಲು ಕೇಳಿದ್ದು, 'ಅಮ್ಮ, ಗಟ್ಟಿ ಊಟ ಮಾತ್ರ ಸಿಕ್ಕಿಕೊಳ್ಳುತ್ತಾ, ನೀರೂ ಸಿಕ್ಕಿಕೊಳ್ಳುತ್ತಾ?' ಎರಡೂ, ಮೊದಲಿನಿಂದಲೂ ಎರಡೂ ಅಂದರು ದೊಡ್ಡಮ್ಮ. ಎರಡನೆಯದು, 'ವಾಂತಿ ಆಗುತ್ತಲ್ಲ, ಅದು ಹುಳಿ ಹುಳಿ ಇರುತ್ತಾ?' ದೊಡ್ಡಮ್ಮ ಯೋಚನೆ ಮಾಡಿ ಹೇಳಿದರು: 'ಹುಳಿ ಇಲ್ಲ ಸಾರ್. ಅನ್ನ ಅನ್ನವಾಗೇ ಬರುತ್ತೆ. ಬೆಳಗ್ಗೆ ತಿಂದಿದ್ದು ಸಾಯಂಕಾಲ ಬಂದರೂ ಹಾಗೇ ಇರುತ್ತೆ.'

ಆ ಉತ್ತರದಲ್ಲೇ ಅರ್ಧ ರೋಗ ಗೊತ್ತಾಯಿತು. ಹೊಟ್ಟೆಗೆ ಇಳಿದ ಊಟ ವಾಪಸ್ ಬಂದರೆ ಆಸಿಡ್ ಸೇರಿ ಹುಳಿಯಾಗಿರುತ್ತೆ. ಇವರದ್ದು ಹೊಟ್ಟೆಗೇ ಇಳಿದಿರಲಿಲ್ಲ, ಅನ್ನನಾಳದಲ್ಲೇ ಕೂತಿತ್ತು. ಗಡ್ಡೆಯೋ ಏನೋ ಬೆಳೆದು ದಾರಿ ಚಿಕ್ಕದಾಗುತ್ತಾ ಬಂದರೆ ಸಾಮಾನ್ಯವಾಗಿ ಮೊದಲು ಗಟ್ಟಿ ಊಟ ಸಿಕ್ಕಿಕೊಳ್ಳುತ್ತೆ, ನೀರಿನ ಸರದಿ ಆಮೇಲೆ. ಶುರುವಿನಿಂದ ಎರಡೂ ಸಿಕ್ಕಿಕೊಂಡರೆ ಅನ್ನನಾಳದ ಚಲನೆಯಲ್ಲೇ ತೊಂದರೆ ಇದೆಯಾ ಅಂತ ನೋಡಬೇಕು. ನಾಲ್ಕು ವರ್ಷದಲ್ಲಿ ಈ ಎರಡು ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಹೋದ ಕಡೆಯೆಲ್ಲ ಬಾಗಿಲಲ್ಲೇ 'ಗ್ಯಾಸ್ಟ್ರಿಕ್ ಸಾರ್' ಅಂತ ನಾವೇ ಹೆಸರು ಕೊಟ್ಟುಬಿಡುತ್ತಿದ್ದೆವು.

ಕಾಯಿಲೆಯ ಹೆಸರು ಅಕಲೇಷಿಯಾ. ಅನ್ನನಾಳ ಸುಮ್ನೆ ಒಂದು ಪೈಪ್ ಅಲ್ಲ. ನುಂಗಿದ್ದನ್ನು ಮೇಲಿಂದ ಕೆಳಕ್ಕೆ ಹಿಂಡಿ ತಳ್ಳುತ್ತೆ. ಅದರ ಕೆಳತುದಿಯಲ್ಲಿ, ಹೊಟ್ಟೆ ಸೇರುವ ಜಾಗದಲ್ಲಿ, ಒಂದು ಸ್ನಾಯುವಿನ ಬಳೆ ಇದೆ. ಊಟ ಬಂದಾಗ ಅದು ಸಡಿಲವಾಗಬೇಕು, ದಾಟಿದ ಮೇಲೆ ಬಿಗಿಯಾಗಬೇಕು. ಅಲ್ಲಿನ ನರದ ಕೋಶಗಳು ಸತ್ತುಹೋದರೆ ಆ ಬಳೆ ಸಡಿಲವಾಗೋದನ್ನೇ ಮರೆಯುತ್ತೆ, ಮೇಲಿನ ಕೊಳವೆಯೂ ತಳ್ಳುವುದನ್ನು ನಿಲ್ಲಿಸುತ್ತೆ. ಚೀಲದ ಬಾಯಿಗೆ ದಾರ ಕಟ್ಟಿಬಿಟ್ಟ ಹಾಗೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತೆ ಅನ್ನುತ್ತಾರೆ. ಅಪರೂಪ ಅನ್ನಿಸುತ್ತೆ ಅಲ್ವಾ? 2011ರ ಜನಗಣತಿಯಲ್ಲೇ ಚಿಕ್ಕಮಗಳೂರು ಜಿಲ್ಲೆಯಲ್ಲಿ 11 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಆ ಲೆಕ್ಕ ಹಿಡಿದರೆ ನಮ್ಮ ಜಿಲ್ಲೆಯಲ್ಲೇ ಪ್ರತಿ ವರ್ಷ ಹತ್ತು ಹನ್ನೊಂದು ಜನಕ್ಕೆ ಹೊಸದಾಗಿ ಶುರುವಾಗುತ್ತಿರಬಹುದು, ಅವರಲ್ಲಿ ಎಷ್ಟು ಜನ ಈಗ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾ ಕೂತಿದ್ದಾರೋ ಅಂತ ನನಗೆ ಆಗಾಗ ಅನ್ನಿಸುತ್ತೆ.

ಮೊದಲ ಎಂಡೋಸ್ಕೋಪಿಯಲ್ಲಿ ಯಾಕೆ ಕಾಣಲಿಲ್ಲ ಅಂತ ನಾನು ಕೇಳಿದೆ, ಸ್ವಲ್ಪ ಸಿಟ್ಟಿನಲ್ಲೇ. ಶುರುವಿನಲ್ಲಿ ಕಾಣದೇ ಇರಬಹುದು ಅಂದರು. ಸ್ಕೋಪ್ ಒಳಗಿನ ಚರ್ಮವನ್ನು ತೋರಿಸುತ್ತೆ, ಚರ್ಮದಲ್ಲಿ ಏನೂ ತೊಂದರೆ ಇರುವುದಿಲ್ಲ. ಕೆಳಗಿನ ಬಳೆ ಬಿಗಿ ಇದ್ದರೂ ಸ್ವಲ್ಪ ಒತ್ತಿದರೆ ಸ್ಕೋಪ್ ದಾಟಿಬಿಡುತ್ತೆ. ಹಾಗಾಗಿ ನೋಡಬೇಕಾದ್ದು ಚಲನೆ, ಅದಕ್ಕೆ ಬೇರೆ ಪರೀಕ್ಷೆಗಳು ಬೇಕು.

ಒಂದು ಬೇರಿಯಂ. ಸುಣ್ಣ ಕಲಸಿದ ನೀರಿನ ಹಾಗಿರುವ ಬಿಳಿ ದ್ರವ ಕುಡಿಸಿ, ನಿಲ್ಲಿಸಿ ಎಕ್ಸ್‌ರೇ ತೆಗೆದರು. ಮೇಲೆಲ್ಲ ಅಗಲವಾಗಿ ಉಬ್ಬಿ, ಕೆಳಗೆ ಚೂಪಾಗಿ ಮೊನಚಾಗಿತ್ತು. ಡಾಕ್ಟರ್‌ಗಳು ಇದಕ್ಕೆ ಹಕ್ಕಿಯ ಕೊಕ್ಕು ಅನ್ನುತ್ತಾರೆ, ನನಗೆ ಕಂಡದ್ದು ಮೂಲಂಗಿ. ಐದು ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲೂ ಆ ಬಿಳಿ ಹಾಗೇ ನಿಂತಿತ್ತು. ಇನ್ನೊಂದು ಮ್ಯಾನೋಮೆಟ್ರಿ. ಮೂಗಿನಿಂದ ತೆಳ್ಳಗಿನ ನಳಿಗೆ ಇಳಿಸಿ, ಗುಟುಕು ಗುಟುಕಾಗಿ ನೀರು ನುಂಗಿಸಿ, ಒಳಗಿನ ಒತ್ತಡ ಅಳೆಯುತ್ತಾರೆ. ಇದಕ್ಕೆ ಮಂಪರು ಕೊಡುವುದಿಲ್ಲ. ದೊಡ್ಡಮ್ಮ ಇವತ್ತಿಗೂ ಹೇಳುವುದು, ಇಡೀ ಚಿಕಿತ್ಸೆಯಲ್ಲಿ ಕಷ್ಟ ಆದದ್ದು ಅದೊಂದೇ ಅಂತ. ಇದರ ಪ್ರಕಾರ ಕಾಯಿಲೆಯಲ್ಲಿ ಮೂರು ಬಗೆ, ದೊಡ್ಡಮ್ಮನದ್ದು ಎರಡನೆಯದು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಬಗೆ ಅದು ಅಂತ ಕೇಳಿ ನಮಗೆ ಹೋದ ಜೀವ ಬಂತು.

ದಾರಿಗಳು ಮೂರು ಇದ್ದವು. ಬಲೂನ್ ಇಳಿಸಿ ಬಳೆಯನ್ನು ಹಿಗ್ಗಿಸೋದು. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಲ್ಯಾಪರೋಸ್ಕೋಪಿಯಿಂದ ಸ್ನಾಯು ಕತ್ತರಿಸೋದು, ಈ ಆಪರೇಷನ್ನಿನ ಮೂಲ ರೂಪವನ್ನು ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ 1913ರಲ್ಲೇ ಮಾಡಿದ್ದರು. ಮೂರನೆಯದು, ಎಲ್ಲೂ ಹೊರಗೆ ಗಾಯ ಮಾಡದೆ, ಬಾಯಿಂದಲೇ ಸ್ಕೋಪ್ ಇಳಿಸಿ ಅದೇ ಸ್ನಾಯುವನ್ನು ಒಳಗಿನಿಂದ ಕತ್ತರಿಸೋದು. ಇದಕ್ಕೆ ಪೋಯೆಮ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಕವಿತೆಗೂ ಅದೇ ಉಚ್ಚಾರ, ಡಾಕ್ಟರ್ ಹೇಳಿದಾಗ ಒಂದು ಕ್ಷಣ ನನಗೆ ಏನೂ ಅರ್ಥವಾಗಲಿಲ್ಲ.

ಇದು ಹೇಗೆ ಸಾಧ್ಯ ಅನ್ನೋದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಒಳಗಿನಿಂದ ಕತ್ತರಿಸಿದರೆ ತೂತಾಗಿ ಊಟವೆಲ್ಲ ಎದೆಯೊಳಗೆ ಸೋರುವುದಿಲ್ಲವಾ? ಡಾಕ್ಟರ್ ಕಾಗದದ ಮೇಲೆ ಬರೆದು ತೋರಿಸಿದರು. ಮನೆಗೆ ಬಂದು ದೊಡ್ಡಮ್ಮನಿಗೆ ನಾನು ಬಾಳೆದಿಂಡು ಇಟ್ಟುಕೊಂಡು ವಿವರಿಸಿದೆ. ದಿಂಡಿನಲ್ಲಿ ಪಟ್ಟೆ ಮೇಲೆ ಪಟ್ಟೆ ಇರುತ್ತಲ್ಲ, ಅನ್ನನಾಳದ ಗೋಡೆಯೂ ಹಾಗೇ ಪದರ ಪದರ. ಒಳಗೆ ಚರ್ಮ, ಅದರಾಚೆ ಒಂದು ಮೆತ್ತನೆಯ ಪದರ, ಅದರಾಚೆ ಬಳೆಯ ಹಾಗೆ ಸುತ್ತಿರುವ ಸ್ನಾಯು, ಎಲ್ಲಕ್ಕಿಂತ ಹೊರಗೆ ಉದ್ದುದ್ದ ಹೋಗುವ ಸ್ನಾಯು. ಸ್ನಾಯು ಕತ್ತರಿಸಬೇಕಾದ ಜಾಗದಲ್ಲಿ ಚರ್ಮ ಕುಯ್ಯುವುದಿಲ್ಲ. ಅದಕ್ಕಿಂತ ಎಷ್ಟೋ ಮೇಲೆ, ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚಿ ಚರ್ಮವನ್ನು ಗುಳ್ಳೆಯ ಹಾಗೆ ಉಬ್ಬಿಸಿ, ಅಲ್ಲಿ ಒಂದು ಸಣ್ಣ ಬಾಗಿಲು ಮಾಡುತ್ತಾರೆ. ಆ ಬಾಗಿಲಿನಿಂದ ಸ್ಕೋಪ್ ಗೋಡೆಯ ಒಳಕ್ಕೇ ನುಗ್ಗುತ್ತೆ. ಎರಡು ಪಟ್ಟೆಗಳ ಮಧ್ಯೆ ಸುರಂಗ ತೋಡುತ್ತಾ, ಬಿಗಿಯಾದ ಬಳೆ ದಾಟಿ, ಹೊಟ್ಟೆಯ ಕಡೆಗೆ ಎರಡು ಮೂರು ಸೆಂಟಿಮೀಟರ್ ಹೋಗುತ್ತೆ. ಅಲ್ಲಿ ನಿಂತು ಒಳಸುತ್ತಿನ ಸ್ನಾಯುವನ್ನು ಕರೆಂಟಿನ ಸಣ್ಣ ಚಾಕುವಿನಿಂದ ಉದ್ದಕ್ಕೆ ಕತ್ತರಿಸಿ, ವಾಪಸ್ ಬಂದು, ಮೇಲಿನ ಬಾಗಿಲಿಗೆ ಕ್ಲಿಪ್ ಹಾಕಿ ಮುಚ್ಚುತ್ತಾರೆ. ಬಾಗಿಲು ಒಂದು ಕಡೆ, ಕತ್ತರಿಸಿದ್ದು ಇನ್ನೊಂದು ಕಡೆ. ಮಧ್ಯೆ ಇರುವ ಚರ್ಮ ಹಾಗೇ ಇರುವುದರಿಂದ ಸೋರುವುದಿಲ್ಲ. ಕ್ಲಿಪ್‌ಗಳು ದಿನ ಕಳೆದ ಹಾಗೆ ತಾವೇ ಉದುರಿ ಹೋಗುತ್ತವೆ.

ಇದು ತೀರಾ ಹೊಸ ವಿದ್ಯೆ. 2007ರಲ್ಲಿ ಅಮೆರಿಕದ ಡಾಕ್ಟರ್ ಪಂಕಜ್ ಪಸರಿಚಾ ಅವರ ತಂಡ ಹಂದಿಗಳ ಮೇಲೆ ಇದನ್ನು ಮಾಡಿ ತೋರಿಸಿತು. 2008ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಹರುಹಿರೊ ಇನೊವೆ ಮೊದಲ ಸಲ ಮನುಷ್ಯರಿಗೆ ಮಾಡಿದರು. ಕಾಯಿಲೆ ಮಾತ್ರ ಹಳೆಯದು. 1670ರ ದಶಕದಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅನ್ನೋ ವೈದ್ಯರು ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಕೊಟ್ಟಿದ್ದರಂತೆ, ಆ ಮನುಷ್ಯ ವರ್ಷಗಟ್ಟಲೆ ಪ್ರತಿ ಊಟದಲ್ಲೂ ಆ ಕಡ್ಡಿಯಿಂದ ಅನ್ನನಾಳದಲ್ಲಿ ನಿಂತದ್ದನ್ನು ತಾನೇ ಕೆಳಕ್ಕೆ ತಳ್ಳಿಕೊಳ್ಳುತ್ತಿದ್ದ. ಇದನ್ನು ಓದಿದ ದಿನ ನನಗೆ ಎದ್ದು ಕುತ್ತಿಗೆ ಚಾಚಿ ನಡೆಯುತ್ತಿದ್ದ ದೊಡ್ಡಮ್ಮ ಕಣ್ಣ ಮುಂದೆ ಬಂದರು.

ರೋಬಸ್ಟಾ ಕೊಯ್ಲು ಇನ್ನೂ ನಡೆಯುತ್ತಿದ್ದಾಗ, ಫೆಬ್ರವರಿಯಲ್ಲಿ ಪೋಯೆಮ್ ಮಾಡಿಸೋಕೆ ಅಡ್ಮಿಟ್ ಮಾಡಿದೆವು. ಎರಡು ದಿನ ಮೊದಲಿನಿಂದ ಬರೀ ನೀರಿನಂಥ ಆಹಾರ. ಅರಿವಳಿಕೆ ಕೊಡುವಾಗ ಅನ್ನನಾಳದಲ್ಲಿ ಹಳೇ ಊಟ ಉಳಿದಿದ್ದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ, ಅದಕ್ಕೆ ಮೊದಲೇ ಒಳಗೆಲ್ಲ ತೊಳೆದರು. ನಾನು, ಅಣ್ಣ, ಅತ್ತಿಗೆ ಹೊರಗೆ ಕೂತಿದ್ದೆವು. ಒಂದೂವರೆ ಗಂಟೆ ಆಯಿತು. ಡಾಕ್ಟರ್ ಹೊರಗೆ ಬಂದು ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ತೋರಿಸಿದರು. ನೀಲಿ ಬಣ್ಣದ ಗವಿಯ ಹಾಗಿರುವ ಸುರಂಗ, ಜೇಡರ ಬಲೆಯಂಥ ಎಳೆಗಳು, ಅಡ್ಡಡ್ಡ ಬಿಗಿದ ಬಿಳೀ ಸ್ನಾಯು. ಅದು ಒಂದೊಂದೇ ಎಳೆ ಬಿಟ್ಟುಕೊಳ್ಳುತ್ತಾ ಹೋಯಿತು. ಅಣ್ಣ ನೋಡಲಾರದೆ ಮುಖ ತಿರುಗಿಸಿದ. ನಾನು ಪೂರ್ತಿ ನೋಡಿದೆ.

ಮಾರನೇ ದಿನ ಮತ್ತೆ ಚಿತ್ರದಲ್ಲಿ ಕಾಣುವಂಥ ದ್ರವ ಕುಡಿಸಿ ಎಕ್ಸ್‌ರೇ ತೆಗೆದು, ಎಲ್ಲೂ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ ನೀರು ಕೊಟ್ಟರು. ದೊಡ್ಡಮ್ಮ ಒಂದು ಗುಟುಕು ಕುಡಿದು ಸುಮ್ಮನೆ ಕೂತರು. ಇನ್ನೊಂದು ಗುಟುಕು. 'ಹೋಯ್ತಲ್ಲ' ಅಂದರು. ಅಷ್ಟೇ ಹೇಳಿದ್ದು. ಅತ್ತಿಗೆ ಅತ್ತರು.

ಇದರಲ್ಲಿ ಎಲ್ಲವೂ ಸಿಹಿ ಅಂತ ನಾನು ಹೇಳುವುದಿಲ್ಲ. ಬಿಗಿ ಬಳೆಯನ್ನು ಬಿಡಿಸಿದ ಮೇಲೆ ಹೊಟ್ಟೆಯ ಆಸಿಡ್ ಮೇಲಕ್ಕೆ ಬರೋದು ಸುಲಭವಾಗುತ್ತೆ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಪೋಯೆಮ್ ಮತ್ತು ಲ್ಯಾಪರೋಸ್ಕೋಪಿ ಆಪರೇಷನ್ ಎರಡನ್ನೂ ಹೋಲಿಸಿದ್ದರು. ಎರಡು ವರ್ಷದ ನಂತರ ಕಾಯಿಲೆ ಹತೋಟಿಯಲ್ಲಿದ್ದವರು ಹೆಚ್ಚುಕಡಿಮೆ ಸಮ, ಪೋಯೆಮ್‌ನಲ್ಲಿ 83 ಶೇಕಡಾ, ಆಪರೇಷನ್‌ನಲ್ಲಿ 82ರ ಹತ್ತಿರ. ಆದರೆ ಆಸಿಡ್‌ನಿಂದ ಅನ್ನನಾಳ ಕೆಂಪಾದದ್ದು ಪೋಯೆಮ್ ಆದವರಲ್ಲಿ 44 ಶೇಕಡಾ, ಆಪರೇಷನ್ ಆದವರಲ್ಲಿ 29. ಇದನ್ನು ನಮ್ಮ ಡಾಕ್ಟರ್ ಮೊದಲೇ ಬಿಡಿಸಿ ಹೇಳಿದ್ದರು, ಅದಕ್ಕೆ ಅವರ ಮೇಲೆ ನಂಬಿಕೆ ಬಂದದ್ದು. ದೊಡ್ಡಮ್ಮ ಈಗ ಬೆಳಗ್ಗೆ ತಿಂಡಿಗೆ ಮೊದಲು ಆಸಿಡ್ ತಗ್ಗಿಸುವ ಮಾತ್ರೆ ತಗೊಳ್ಳುತ್ತಾರೆ. ನಾಲ್ಕು ವರ್ಷ ಬೇಡದೆ ಇದ್ದ ಮಾತ್ರೆ ಈಗ ನಿಜವಾಗಿ ಬೇಕಾಗಿದೆ. ಮಂಚದ ತಲೆ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೇವೆ, ರಾತ್ರಿ ಊಟ ಏಳೂವರೆಗೇ ಮುಗಿಸುತ್ತಾರೆ. ಸತ್ತ ನರಗಳು ವಾಪಸ್ ಬರುವುದಿಲ್ಲ, ಹಾಗಾಗಿ ತಳ್ಳುವ ಶಕ್ತಿ ಪೂರ್ತಿ ಬಂದಿಲ್ಲ. ನಿಧಾನವಾಗಿ ಅಗಿದು, ಮಧ್ಯೆ ಮಧ್ಯೆ ನೀರು ಕುಡಿಯುತ್ತಾ ತಿನ್ನುತ್ತಾರೆ.

ಚಿಕ್ಕಪ್ಪನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲೂ ಒಂದು ಪದವೇ ದಾರಿ ತಪ್ಪಿಸಿದ್ದು. ಅವರಿಗೆ ಕಣ್ಣು ಹಳದಿಯಾಯಿತು. ನಮ್ಮ ಕಡೆ ಕಣ್ಣು ಹಳದಿಯಾದರೆ ಜಾಂಡೀಸ್, ಜಾಂಡೀಸ್ ಅಂದರೆ ನಾಟಿ ಔಷಧಿ, ಉಪ್ಪು ಖಾರ ಎಣ್ಣೆ ಬಿಟ್ಟು ಪಥ್ಯ. ಹತ್ತು ದಿನ ಕುಡಿದರು. ಮೈಯೆಲ್ಲ ತುರಿಕೆ, ಮಲ ಜೇಡಿಮಣ್ಣಿನ ಬಣ್ಣ, ಕೊನೆಗೆ ನಡುಕ ಹುಟ್ಟಿಸುವ ಜ್ವರ. ಅವರದ್ದು ಲಿವರ್‌ಗೆ ಬಂದ ಸೋಂಕಿನ ಜಾಂಡೀಸ್ ಆಗಿರಲಿಲ್ಲ. ಪಿತ್ತಕೋಶದ ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡು, ಪಿತ್ತ ಕರುಳಿಗೆ ಇಳಿಯುವ ದಾರಿಯೇ ಮುಚ್ಚಿತ್ತು, ಅಲ್ಲಿ ಕೀವು ಆಗತೊಡಗಿತ್ತು. ಯಾವ ಸೊಪ್ಪಿನ ರಸವೂ ಆ ಕಲ್ಲನ್ನು ಕದಲಿಸಲಾರದು. ಇಆರ್‌ಸಿಪಿ ಮಾಡಿದರು. ಪಕ್ಕಕ್ಕೆ ನೋಡುವ ಕ್ಯಾಮೆರಾ ಇರುವ ಸ್ಕೋಪನ್ನು ಬಾಯಿಂದ ಸಣ್ಣ ಕರುಳಿನವರೆಗೆ ಇಳಿಸಿ, ಪಿತ್ತನಾಳ ತೆರೆದುಕೊಳ್ಳುವ ಬಾಯಿಯನ್ನು ಸ್ವಲ್ಪ ಕುಯ್ದು ಅಗಲ ಮಾಡಿ, ಬಲೂನಿನಿಂದ ಕಲ್ಲು ಎಳೆದು, ಪಿತ್ತ ಇಳಿಯೋಕೆ ಸ್ಟೆಂಟ್ ಅನ್ನೋ ಸಣ್ಣ ಪ್ಲಾಸ್ಟಿಕ್ ನಳಿಗೆ ಇಟ್ಟರು. ಈ ಕುಯ್ಯುವ ವಿಧಾನ 1970ರ ದಶಕದಿಂದ ಇದೆ. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದರಲ್ಲಿ ಇದ್ದೇ ಇದೆ, ಅದಕ್ಕೆ ಪಳಗಿದ ಕೈಯಲ್ಲೇ ಮಾಡಿಸಬೇಕು. ಆ ಸ್ಟೆಂಟ್ ಅಲ್ಲೇ ಬಿಡುವಂಥದ್ದಲ್ಲ, ಸುಮಾರು ಮೂರು ತಿಂಗಳೊಳಗೆ ತೆಗೆಸಬೇಕು ಅಥವಾ ಬದಲಾಯಿಸಬೇಕು, ಇಲ್ಲದಿದ್ದರೆ ಅದೇ ಕಟ್ಟಿಕೊಂಡು ಮತ್ತೆ ಕೀವು. ಹುಷಾರಾದೆ ಅಂತ ಚಿಕ್ಕಪ್ಪ ಮರೆತೇಬಿಟ್ಟಿದ್ದರು. ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ ಎಳೆದುಕೊಂಡು ಹೋದದ್ದು ಚಿಕ್ಕಮ್ಮ.

ಇದೇ ಸ್ಕೋಪಿನ ದಾರಿಯಲ್ಲಿ ಈಗ ಇನ್ನೂ ಏನೇನೋ ಮಾಡುತ್ತಾರೆ. ಮೇಲಿನ ಪದರದಲ್ಲೇ ಇರುವ ಶುರುವಿನ ಕ್ಯಾನ್ಸರನ್ನು ಸಿಪ್ಪೆಯ ಹಾಗೆ ಬಿಡಿಸಿ ತೆಗೆಯುತ್ತಾರೆ. ತುದಿಯಲ್ಲಿ ಸ್ಕ್ಯಾನಿಂಗ್ ಇರುವ ಸ್ಕೋಪಿನಿಂದ ಮೇದೋಜೀರಕದ ಸುತ್ತ ತುಂಬಿಕೊಂಡ ನೀರನ್ನು ಹೊಟ್ಟೆಯೊಳಕ್ಕೇ ಬಸಿಯುತ್ತಾರೆ. ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆಯೋಕೆ ಹೈದರಾಬಾದಿನ ಡಾಕ್ಟರ್ ನಾಗೇಶ್ವರ ರೆಡ್ಡಿಯವರ ಪಾಲು ದೊಡ್ಡದು, 2025ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಬಗ್ಗುವ ಎಂಡೋಸ್ಕೋಪ್ ಬಂದದ್ದೇ ಗಾಜಿನ ಎಳೆಗಳ ಮೂಲಕ ಬೆಳಕು ಸಾಗಿಸುವ ವಿದ್ಯೆಯಿಂದ, ಅದರ ಬಗ್ಗೆ 1954ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ ಬರೆದ ನರೀಂದರ್ ಸಿಂಗ್ ಕಪಾನಿ ಪಂಜಾಬಿನ ಮೋಗಾದವರು. ಅವರ ಹೆಸರು ಶಾಲೆಯಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದುಡ್ಡಿನ ವಿಷಯ ಕೇಳುತ್ತೀರಿ, ಗೊತ್ತು. ನಮಗೆ ಎಲ್ಲ ಸೇರಿ ಒಂದೂ ಮುಕ್ಕಾಲು ಲಕ್ಷದ ಹತ್ತಿರ ಆಯಿತು. ಕಾಫಿ ಮಾರಿದ ದುಡ್ಡು ಆಗ ಕೈಯಲ್ಲಿತ್ತು, ಅದೇ ಪುಣ್ಯ. ಆಯುಷ್ಮಾನ್ ಕಾರ್ಡ್ ಇರುವವರು ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ರೆಫರಲ್ ಬರೆಸಿಕೊಂಡು ಹೋಗಿ. ನಾವು ಅವಸರದಲ್ಲಿ ಅದನ್ನು ಕೇಳಲೇ ಇಲ್ಲ.

ಈ ಸಲದ ಕೊಯ್ಲಿನಲ್ಲಿ ದೊಡ್ಡಮ್ಮ ತಾವಾಗೇ ಮಷೀನ್ ಮೇಲೆ ಹತ್ತಿ ನಿಂತರು. 49. ಇನ್ನೊಂದು ಕೆ.ಜಿ. ಬಂದರೆ ಮೂಟೆಗೆ ಸಮ ಅಂದರು. ಹೋದ ತಿಂಗಳು ಬಾಳೂರಿನ ಕಡೆ ಒಂದು ಮದುವೆಗೆ ಹೋಗಿ ಎರಡನೇ ಪಂಕ್ತಿಯಲ್ಲಿ ಕೂತು ಊಟ ಮಾಡಿಕೊಂಡು ಬಂದಿದ್ದಾರೆ. ಕಡುಬು ಮಾತ್ರ ಇನ್ನೂ ಮುಟ್ಟಿಲ್ಲ, ಧೈರ್ಯ ಬಂದಿಲ್ಲ. ಅಕಲೇಷಿಯಾ ಇದ್ದವರಿಗೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಆಗಾಗ ಸ್ಕೋಪ್ ಮಾಡಿಸುತ್ತಿರಬೇಕು ಅಂದಿದ್ದಾರೆ, ಮೊದಲನೆಯದಕ್ಕೆ ಬರುವ ತಿಂಗಳು ಮತ್ತೆ ಚಾರ್ಮಾಡಿ ಇಳಿಯುತ್ತೇವೆ.

ನಿಮ್ಮ ಮನೆಯಲ್ಲಿ ಯಾರಾದರೂ ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದರೆ, ಊಟದ ಮಧ್ಯೆ ಎದ್ದು ನಿಲ್ಲುತ್ತಿದ್ದರೆ, ಡಾಕ್ಟರ ಹತ್ತಿರ ಗ್ಯಾಸ್ಟ್ರಿಕ್ ಅನ್ನಬೇಡಿ. ಎಲ್ಲಿ ನಿಲ್ಲುತ್ತೆ, ನೀರೂ ನಿಲ್ಲುತ್ತಾ, ವಾಪಸ್ ಬಂದದ್ದು ಹುಳಿ ಇರುತ್ತಾ, ತೂಕ ಎಷ್ಟು ಇಳಿದಿದೆ, ರಾತ್ರಿ ಕೆಮ್ಮು ಇದೆಯಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಹಳೇ ಎಂಡೋಸ್ಕೋಪಿ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಇದ್ದರೂ ಅದನ್ನೂ ಜೊತೆಗೆ ತಗೊಂಡು ಹೋಗಿ.